ನಿಂಬೆಹಣ್ಣು ಹತ್ತದ ಲಾರಿ

ಮೊನ್ನೆ ಬಟ್ಟೆ ನೆನೆಹಾಕುವ ಮುಂಚೆ ನನ್ನ ಪ್ಯಾಂಟಿನ ಜೇಬು ತಡಕುತ್ತಿದ್ದ ಭಾಗ್ಯ, ಅಂಗೈಯಲ್ಲಿ ಏನನ್ನೋ ಹಿಡಿದುಕೊಂಡು ಗಾಬರಿಯಾಗಿ ಓಡಿ ಬಂದಳು.

"ರೀ, ಬಾಯ್ ತೆಗೀರಿ ನೋಡೋಣ. ಯಾವ್ ಹಲ್ಲು ಬಿತ್ತು?"

ಬಾಯಿ ತೆಗೆದೆ. ಮದುವೆಯಾದ ಮೇಲೆ ನನ್ನ ಹೆಂಡತಿ ನನ್ನ ಬಾಯಿ ತೆಗೆಸಿದ್ದು ಅದೇ ಮೊದಲು; ಮುಚ್ಚಿಸಿದ್ದೇ ಹೆಚ್ಚು. ಎಲ್ಲ ಹಲ್ಲೂ ಇದ್ದಲ್ಲೇ ಇದ್ದವು. ಅವಳ ಅಂಗೈಯಲ್ಲಿದ್ದದ್ದು ಬಿಳಿ ಪ್ಲಾಸ್ಟಿಕ್ಕಿನ ಒಂದು ಗಿಯರ್ ಚಕ್ರ. ಹುಣಸೆಬೀಜದಷ್ಟು ಗಾತ್ರ. ಒಂದು ಕಡೆ ಹಲ್ಲೆಲ್ಲ ಉದುರಿ ಎಳೆಮಗುವಿನ ಒಸಡಿನ ಹಾಗೆ ನುಣ್ಣಗಾಗಿತ್ತು.

"ಥೂ, ಈ ದರಿದ್ರ ಇನ್ನೂ ಇದೆಯಾ?" ಎಂದು ಎಸೆಯಲು ಹೊರಟಳು. ನಾನು ಕಸಿದುಕೊಂಡೆ. ಕಳೆದ ಆಯುಧಪೂಜೆಯಿಂದ ಸಂಕ್ರಾಂತಿಯವರೆಗೆ ನಾನು ಆಡಿದ ಹುಚ್ಚಾಟಗಳಿಗೆಲ್ಲ ಅದೇ ಮೂಲ. ಅಂಥದ್ದನ್ನು ಎಸೆಯುವುದುಂಟೇ?

ನಿಮಗಾದರೋ ಮೊದಲಿಂದ ಹೇಳಬೇಕು. ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಮನೆ ಅದೇ ಊರಿನ ಗುತ್ತಲಿನಲ್ಲಿ. ವಯಸ್ಸು ಐವತ್ತು ದಾಟಿದೆ, ತಲೆಗೆ ಬಣ್ಣ ಹಚ್ಚುವುದನ್ನು ಬಿಟ್ಟು ಎರಡು ವರ್ಷವಾಯಿತು. ಇಡೀ ದಿನ "ಶ್! ಸದ್ದು ಮಾಡಬೇಡಿ" ಎನ್ನುವುದೇ ನನ್ನ ಕೆಲಸ. ಇಂಥ ನನ್ನ ಬಳಿ ಒಂದು ಲಾರಿ ಇದೆ. ಮೊಳದುದ್ದ, ಆರು ಚಕ್ರ, ಇಟ್ಟಿಗೆ ಬಣ್ಣ. ಕೈಯಲ್ಲಿ ರಿಮೋಟು ಹಿಡಿದು ಹೆಬ್ಬೆರಳು ಒತ್ತಿದರೆ ಮುಂದೆ ಹೋಗುತ್ತದೆ, ಎಳೆದರೆ ಹಿಂದೆ ಬರುತ್ತದೆ. ನಮ್ಮ ಮನೆಯಲ್ಲಿ ಹೇಳಿದ ಮಾತಿಗೆ ಹಾಗೆ ಹೋಗಿ ಬರುವುದು ಅದೊಂದೇ.

ಪಾರ್ಸೆಲ್ಲು ಬಂದ ದಿನ ಬೀದಿಯವರೆಲ್ಲ "ಯಾರಿಗೆ ತರಿಸಿದ್ರಿ?" ಎಂದರು. ಅಕ್ಕನ ಮಗನಿಗೆ ಎಂದೆ. ಆಮೇಲೆ ಅಕ್ಕನ ಮಗ ಬಂದ, ಎದೆಯವರೆಗೆ ಗಡ್ಡ ಬಿಟ್ಟುಕೊಂಡು. ಅಂದಿನಿಂದ ಮಾನ ಮರ್ಯಾದೆ ಎಲ್ಲ ಬಿಟ್ಟು "ನನಗೇ" ಎನ್ನುತ್ತಿದ್ದೇನೆ.

ಇದು ಇವತ್ತಿನ ಹುಚ್ಚೇನೂ ಅಲ್ಲ. ನಾವು ಹುಡುಗರಾಗಿದ್ದಾಗ ಸವೆದ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿ ಚಕ್ರ ಮಾಡುತ್ತಿದ್ದೆವು. ಜೋಳದ ದಂಟು ಅಚ್ಚು, ಬೆಂಕಿಪೊಟ್ಟಣ ಡ್ರೈವರನ ಕೋಣೆ. ಹಿಂದೆ ಕಡ್ಡಿ ಜೋಡಿಸಿ ಕಬ್ಬಿನ ಲೋಡು. ನಮಗೆ ಲಾರಿ ಎಂದರೆ ಕಬ್ಬಿನ ಲಾರಿಯೇ. ಕಾರ್ಖಾನೆ ಕಡೆಗೆ ತೇಕುತ್ತಾ ಹೋಗುವ ಅದರ ಹಿಂದೆ ಓಡಿ ಒಂದು ಜಲ್ಲೆ ಹಿರಿಯುವುದೇ ಅಂದಿನ ಪರಮಾರ್ಥ. ಉಳಿದವರು ಹಿರಿಯುತ್ತಿದ್ದರು. ನಾನು ರಸ್ತೆ ಬದಿಯಲ್ಲಿ ನಿಂತು, ಯಾರಾದರೂ ಬರುತ್ತಾರೇನೋ ಎಂದು ನೋಡಿಕೊಳ್ಳುವ ಜವಾಬ್ದಾರಿ ಹೊತ್ತಿದ್ದೆ. ಯಾಕೆಂದರೆ ನಾನು ಪುಕ್ಕಲ. ಇದು ನನ್ನ ಅಭಿಪ್ರಾಯವಲ್ಲ, ಊರಿನ ತೀರ್ಮಾನ.

ಈಗ ಆಯುಧಪೂಜೆಗೆ ಬರೋಣ. ನಮ್ಮ ಕಡೆ ಗಾಡಿ ಎಂದ ಮೇಲೆ ಪೂಜೆ ತಪ್ಪಿಸುವಂತಿಲ್ಲ. ಸ್ಕೂಟರು ತೊಳೆದು, ಕಾರು ತೊಳೆದು, ಎರಡಕ್ಕೂ ಬಾಳೆಕಂದು ಕಟ್ಟಿದ ಮೇಲೆ ಭಾಗ್ಯ ನನ್ನ ಲಾರಿಯ ಕಡೆ ನೋಡಿದಳು. "ಅದೂ ಗಾಡೀನೇ ತಾನೇ, ಪಾಪ" ಎಂದು ಅದಕ್ಕೂ ಅರಿಶಿನ ಕುಂಕುಮ ಇಟ್ಟಳು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಪದ್ಧತಿಯಂತೆ ಪ್ರತಿ ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟಳು. ಕಾರು ಹತ್ತಿತು, ಪಚಕ್. ಸ್ಕೂಟರು ಹತ್ತಿತು, ಪಚಕ್. ಬೀದಿಯವರೆಲ್ಲ ನೋಡುತ್ತಿರಲು ನಾನು ರಿಮೋಟು ಒತ್ತಿದೆ.

ನನ್ನ ಲಾರಿಯ ಚಕ್ರಕ್ಕಿಂತ ನಿಂಬೆಹಣ್ಣು ಒಂದಿಷ್ಟೇ ಚಿಕ್ಕದು. ಲಾರಿ ಮುಂದೆ ಹೋಗಿ ಹಣ್ಣಿಗೆ ಮೂತಿ ಇಟ್ಟಿತು. ಇನ್ನೂ ಒತ್ತಿದೆ. ಗುರ್ ಎಂದಿತು. ಪೂರ್ತಿ ಒತ್ತಿದೆ. ಒಳಗೆ ಕಟಕಟಕಟ ಎಂದು ಹುರಿಗಡಲೆ ಅಗಿದಂಥ ಸದ್ದು ಬಂತು. ಆಮೇಲೆ ಮೋಟರು ಮಾತ್ರ ತಿರುಗುತ್ತಿತ್ತು, ಚಕ್ರ ನಿಂತಿತ್ತು, ನಿಂಬೆಹಣ್ಣು ಹಾಗೇ ಇತ್ತು. ನಿಂಬೆಹಣ್ಣಿನ ಮೇಲೆ ಲಾರಿ ಹತ್ತಿಸಲು ಹೋಗಿ ಗಿಯರ್ ಮುರಿದುಕೊಂಡವನು ಪ್ರಪಂಚದಲ್ಲಿ ಇನ್ನೊಬ್ಬನಿದ್ದರೆ ಅವನೂ ಮಂಡ್ಯದವನೇ ಆಗಿರಬೇಕು.

ಭಾಗ್ಯ ಈ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಲ್ಲ. ಆವತ್ತು ಮಧ್ಯಾಹ್ನವೇ ಊರಿಗೆ ಫೋನು ಮಾಡಿ ದೊಡ್ಡವ್ವನಿಗೆ ಹೇಳಿದಳು. ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಮಳವಳ್ಳಿಯಿಂದ ಒಳಗೆ ಹೋಗಬೇಕಾದ ನಮ್ಮ ಹಳ್ಳಿಯಲ್ಲಿ ಮಗ ಸೊಸೆ ಮೊಮ್ಮಕ್ಕಳನ್ನೆಲ್ಲ ಈಗಲೂ ಕೂಗಿನಲ್ಲೇ ಆಳುತ್ತಿರುವಾಕೆ. ಆಕೆ ನಕ್ಕ ಸದ್ದಿಗೆ ಫೋನೇ ಬೇಡವಾಗಿತ್ತು.

"ಲೋ ಪುಟ್ಸಾಮಿ, ಆ ಲಾರಿನೂ ನಿನ್ನಂಗೇ ಪುಕ್ಲ ಕಣ್ಲಾ! ಒಂದ್ ನಿಂಬೆಅಣ್ ಅತ್ತಕ್ಕಾಗ್ನಿಲ್ವಂತೆ!"

ನನ್ನನ್ನು ಅಂದಿದ್ದರೆ ಸಹಿಸುತ್ತಿದ್ದೆ, ಅಭ್ಯಾಸವಿದೆ. ಲಾರಿಯನ್ನು ಅಂದದ್ದು ತಡೆಯಲಾಗಲಿಲ್ಲ. "ಈ ಸಲ ಸಂಕ್ರಾಂತಿಗೆ ಇದನ್ನೇ ಕಿಚ್ಚು ಹಾಯಿಸ್ತೀನಿ ದೊಡ್ಡವ್ವ, ನೋಡ್ತಿರು" ಎಂದುಬಿಟ್ಟೆ.

ಆಕೆ ಕೂಗು ಬಿಟ್ಟು ಮೆಲ್ಲಗೆ ಹೇಳಿದಳು: "ಆಯ್ಸ್ಲಾ ನೋಡುವಾ. ಆಯ್ಸಿದ್ರೆ ಗೆಜ್ಜೆ ಕೊಡ್ತೀನಿ."

ಗೆಜ್ಜೆ! ನಿಮಗೆ ಇದು ಅರ್ಥವಾಗಬೇಕಾದರೆ ನಮ್ಮ ಮನೆಯ ಪದ್ಧತಿ ತಿಳಿಯಬೇಕು. ಸಂಕ್ರಾಂತಿ ಸಂಜೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಊರ ಮುಂದೆ ಹುಲ್ಲು ಹರಡಿ ಬೆಂಕಿ ಹಾಕಿ ಅದರ ಮೇಲೆ ಓಡಿಸುತ್ತಾರಲ್ಲ, ಅದೇ ಕಿಚ್ಚು ಹಾಯಿಸುವುದು. ಎತ್ತು ಒಂದೇ ಹಾಯುವುದಿಲ್ಲ. ಹಗ್ಗ ಹಿಡಿದವನೂ ಜೊತೆಯಲ್ಲೇ ಹಾರಬೇಕು. ದೊಡ್ಡವ್ವನ ಗಂಡ, ನಮ್ಮ ದೊಡ್ಡಯ್ಯನ ಬಳಿ ಮಲ್ಲ ಎನ್ನುವ ಎತ್ತು ಇತ್ತು. ಮನೆಯ ಯಾವ ಹುಡುಗ ಮೊದಲ ಸಲ ಮಲ್ಲನ ಹಗ್ಗ ಹಿಡಿದು ಕಿಚ್ಚು ದಾಟುತ್ತಾನೋ ಅವನಿಗೆ ದೊಡ್ಡಯ್ಯ ಮಲ್ಲನ ಕೊರಳಪಟ್ಟಿಯಿಂದ ಒಂದು ಹಿತ್ತಾಳೆ ಗೆಜ್ಜೆ ಬಿಚ್ಚಿ ಉಡಿದಾರಕ್ಕೆ ಕಟ್ಟುತ್ತಿದ್ದರು. ಅವರ ಮಗ ನಂಜಣ್ಣನಿಗೆ ಸಿಕ್ಕಿತು. ಅವನ ತಮ್ಮನಿಗೆ ಸಿಕ್ಕಿತು. ನನ್ನ ಸರದಿ ಬಂದ ವರ್ಷ ನಾನು ಹುಲ್ಲಿನ ಮೆದೆಯ ಹಿಂದೆ ಕೂತಿದ್ದೆ. ಮಾರನೆಯ ವರ್ಷ ಹೊಟ್ಟೆನೋವು. ಅದರ ಮಾರನೆಯ ವರ್ಷ ಪರೀಕ್ಷೆಗೆ ಓದುವುದಿತ್ತು. ಜನವರಿಯಲ್ಲಿ ಯಾವ ಪರೀಕ್ಷೆಯೋ ಯಾರೂ ಕೇಳಲಿಲ್ಲ. ಅಣ್ಣತಮ್ಮಂದಿರು ನಡೆದರೆ ಝಲ್ ಝಲ್ ಎನ್ನುತ್ತಿತ್ತು. ನಾನು ನಡೆದರೆ ಏನೂ ಇಲ್ಲ. ಬಹುಶಃ ಅದಕ್ಕೇ ದೇವರು ನನ್ನನ್ನು ಗ್ರಂಥಾಲಯದಲ್ಲಿ ಕೂರಿಸಿದ. ನಗಬೇಡಿ. ಆ ಗೆಜ್ಜೆ ನನಗೆ ಬೇಕಾಗಿತ್ತು. ಈ ವಯಸ್ಸಿನಲ್ಲೂ ಬೇಕಾಗಿತ್ತು.

ಮಾತು ಕೊಟ್ಟಾಯಿತು, ಲಾರಿ ಮಾತ್ರ ಅಂಗಾತ ಮಲಗಿತ್ತು. ಅದನ್ನು ಕೈಚೀಲಕ್ಕೆ ಹಾಕಿಕೊಂಡು ಅಫ್ಸರನ ಅಂಗಡಿಗೆ ಹೋದೆ. ಅಫ್ಸರ್ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಈಗ ಬೈಕು ಸ್ಕೂಟರುಗಳ ಬಿಡಿಭಾಗ ಮಾರುತ್ತಾನೆ. ನನಗೆ ಗೊತ್ತಿಲ್ಲದ್ದೆಲ್ಲ ತನಗೆ ಗೊತ್ತು ಎಂದು ಅವನ ನಂಬಿಕೆ. ನಾನೂ ಹಾಗೇ ನಂಬಿದ್ದೆ. ನಮ್ಮಿಬ್ಬರ ಸ್ನೇಹ ಇಷ್ಟು ವರ್ಷ ಬಾಳಿದ್ದೇ ಈ ಒಪ್ಪಂದದ ಮೇಲೆ.

ಅವನು ಲಾರಿಯ ಹೊಟ್ಟೆ ಬಿಚ್ಚಿ, ಹಲ್ಲಿಲ್ಲದ ಗಿಯರನ್ನು ಬೆಳಕಿಗೆ ಹಿಡಿದು, ವೈದ್ಯರ ಹಾಗೆ ತಲೆಯಾಡಿಸಿದ. "ಲೇ, ಈ ಮೋಟ್ರು ಸೊಳ್ಳೆ ಓಡ್ಸಕ್ಕೂ ಆಗಕಿಲ್ಲ. ದೊಡ್ಡ ಮೋಟ್ರು ತರ್ಸು. ಗಿಯರೆಲ್ಲ ಉಕ್ಕಿಂದೇ ಹಾಕ್ಬುಡುವಾ. ಆಮೇಲ್ ನೋಡು, ನಿಂಬೆಅಣ್ಣಲ್ಲ, ತೆಂಗಿನ್ಕಾಯಿ ಅತ್ತುತ್ತೆ."

ತರಿಸಿದೆವು. ಹೆಬ್ಬೆರಳಿನಷ್ಟಿದ್ದ ಹಳೆಯ ಮೋಟರಿನ ಜಾಗಕ್ಕೆ ಅದಕ್ಕಿಂತ ಎರಡು ಪಟ್ಟು ದಪ್ಪನೆಯದು ಬಂತು. ಪ್ಲಾಸ್ಟಿಕ್ ಗಿಯರುಗಳ ಜಾಗಕ್ಕೆ ಫಳಫಳ ಹೊಳೆಯುವ ಉಕ್ಕಿನವು ಬಂದವು. ಸಾಸಿವೆಕಾಳಿನಷ್ಟು ಸಣ್ಣ ಸ್ಕ್ರೂಗಳನ್ನು ಹಾಕಲು ನನ್ನ ಕನ್ನಡಕವನ್ನು ಅಫ್ಸರ್ ಹಾಕಿಕೊಂಡ, ಅವನ ಕನ್ನಡಕವನ್ನು ನಾನು ಹಾಕಿಕೊಂಡೆ. ಹಾಗೆ ಮಾಡಿದರೆ ಚೆನ್ನಾಗಿ ಕಾಣುತ್ತದೆಂದು ಹೇಳಿದವನೂ ಅವನೇ. ಕಾಣಲಿಲ್ಲ.

ಮೋಟರಿನ ಮೂತಿಗೆ ಸಿಕ್ಕಿಸುವ ಗಿಯರು ಮಾತ್ರ ಎರಡು ಬಂದಿತ್ತು, ಒಂದು ಕೊಂಚ ದೊಡ್ಡದು, ಒಂದು ಚಿಕ್ಕದು. ದೊಡ್ಡದು ಹಾಕಿದರೆ ಗಾಡಿ ಓಡುತ್ತದೆ, ಚಿಕ್ಕದು ಹಾಕಿದರೆ ಎಳೆಯುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಅಫ್ಸರನೂ ನಾನೂ ಒಂದೇ ಉಸಿರಿನಲ್ಲಿ "ಓಟ" ಎಂದೆವು.

ಗುತ್ತಲಿನ ನಮ್ಮ ಬೀದಿಯಲ್ಲಿ ಪರೀಕ್ಷೆ. ರಿಮೋಟು ಒಂಚೂರು ಮುಟ್ಟಿದ್ದಷ್ಟೇ ನೆನಪು. ಲಾರಿ ಇದ್ದ ಜಾಗದಲ್ಲಿ ಧೂಳಿತ್ತು. ಅದು ಹೂವಿನ ಗಾಡಿಯ ಕೆಳಗೆ ನುಗ್ಗಿ, ನಿಂತಿದ್ದ ಆಟೋ ಬಳಸಿ, ಎದುರುಮನೆಯ ತೆರೆದ ಬಾಗಿಲಿನಿಂದ ಒಳಗೆ ಹೋಯಿತು. ಒಳಗಿನಿಂದ ಕಾಳಮ್ಮನವರ ಕೂಗು: "ಹೆಗ್ಣ! ಅಯ್ಯಯ್ಯೋ ಹೆಗ್ಣ! ಕೆಂಪ್ ಹೆಗ್ಣ ಕಣಮ್ಮ!" ಆಮೇಲೆ ಪೊರಕೆಯ ಏಟು. ನಾನು ರಿಮೋಟನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಬೀದಿಯಲ್ಲಿ ಇಲಿ ಹೆಗ್ಗಣದ ಕಾಟ ಹೆಚ್ಚಾಗಿರುವುದರ ಬಗ್ಗೆ ಅವರ ಜೊತೆ ಗಂಭೀರವಾಗಿ ಮಾತಾಡಿ ಲಾರಿ ಬಿಡಿಸಿಕೊಂಡು ಬಂದೆ. ನಿಂಬೆಹಣ್ಣನ್ನು ಅದು ಹತ್ತಲೇ ಇಲ್ಲ. ಗುದ್ದಿತು. ಹಣ್ಣು ಹಾರಿ ಅಫ್ಸರನ ಟೀ ಲೋಟಕ್ಕೆ ಬಿತ್ತು. ಮೋಟರು ಮುಟ್ಟಿದರೆ ದೋಸೆ ಹೆಂಚಿನಷ್ಟು ಸುಡುತ್ತಿತ್ತು.

ಸರಿ, ಚಿಕ್ಕ ಗಿಯರ್ ಹಾಕಿದೆವು. ಇಲ್ಲೊಂದು ಸೂಕ್ಷ್ಮವಿದೆ. ಎರಡು ಗಿಯರುಗಳು ತೀರಾ ತಬ್ಬಿಕೊಳ್ಳಬಾರದು, ತೀರಾ ಮುನಿಸಿಕೊಂಡೂ ಇರಬಾರದು. ನಡುವೆ ಒಂದು ಚೂರು ಕಾಗದ ಇಟ್ಟು, ಒತ್ತಿ ಹಿಡಿದು ಸ್ಕ್ರೂ ಬಿಗಿದು, ಆಮೇಲೆ ಕಾಗದ ಎಳೆದುಬಿಡಬೇಕು. ಅಫ್ಸರ್ ಕೈಗೆ ಸಿಕ್ಕಿದ ಕಾಗದ ಎಂದರೆ ಅವನ ತಂಗಿಯ ಮಗಳ ಮದುವೆಯ ಕರೆಯೋಲೆ. ಜರಿ ಅಂಚು, ಉಬ್ಬಿದ ಅಕ್ಷರ, ರಟ್ಟಿನಷ್ಟು ದಪ್ಪ. ಅದರ ಲೆಕ್ಕಕ್ಕೆ ಕೂರಿಸಿದ ಗಿಯರುಗಳು ದೂರದ ನೆಂಟರ ಹಾಗೆ ತುದಿ ಮಾತ್ರ ಮುಟ್ಟಿಸಿಕೊಂಡು ಗರಗರ ಎಂದವು. ಕೊನೆಗೆ ನನ್ನ ಅಂಗಿ ಜೇಬಿನಲ್ಲಿದ್ದ ಮಳವಳ್ಳಿ ಬಸ್ಸಿನ ತೆಳು ಟಿಕೆಟ್ಟು ಇಟ್ಟು ನೋಡಿದೆವು. ಸದ್ದು ನಿಂತಿತು. ತುಪ್ಪದಲ್ಲಿ ಕೈಯಾಡಿಸಿದ ಹಾಗೆ ತಿರುಗಿತು. ಇವತ್ತಿಗೂ ನಾನು ಬಸ್ಸಿನ ಟಿಕೆಟ್ಟುಗಳನ್ನು ಎಸೆಯುವುದಿಲ್ಲ.

ಅಂಗಡಿಯ ಗಲ್ಲಾ ಮೇಜಿನ ಮೇಲೆ ನಿಂಬೆಹಣ್ಣು ಇಟ್ಟೆವು. ಲಾರಿ ಬಂದು ಮೂತಿ ಇಟ್ಟಿತು. ನಿಂತಿತು. ಆಮೇಲೆ ಅದು ಯಾವ ಅವಸರವೂ ಇಲ್ಲದೆ, ಮುಂಗಾಲೆತ್ತಿ, ಹತ್ತಿ, ಹಣ್ಣನ್ನು ಪಿಚಕ್ಕೆನಿಸಿ ಆಚೆ ಇಳಿಯಿತು. ನಾವಿಬ್ಬರೂ ತಬ್ಬಿಕೊಂಡು ಕುಣಿದೆವು. ಕ್ಲಚ್ ವೈರು ಕೇಳಲು ಬಂದಿದ್ದ ಗಿರಾಕಿ, "ನೀವ್ ಕುಣ್ಕಳಿ, ನಾನ್ ಆಮೇಕ್ ಬತ್ತೀನಿ" ಎಂದು ಹೊರಟುಹೋದ.

ಆ ಕೂಡಲೇ ದೊಡ್ಡವ್ವನಿಗೆ ಫೋನು ಮಾಡಿದೆ.

"ಅತ್ತಿದ್ದು ಸರಿ. ಬಿರ್ನೆ ಓಡ್ತದಾ?"

"ಸ್ವಲ್ಪ ನಿಧಾನ ದೊಡ್ಡವ್ವ."

"ಕಿಚ್ಚಲ್ಲಿ ನಿಧಾನಕ್ಕೆ ಓದ್ರೆ ಸುಟ್ ಬದ್ನೆಕಾಯಿ ಆಯ್ತದೆ ಕಣ್ಲಾ."

ನನ್ನ ತಲೆಗೆ ಇದು ಹೊಳೆದೇ ಇರಲಿಲ್ಲ. ಓಡುವ ಗಿಯರಿಗೆ ಬಲವಿಲ್ಲ, ಬಲವಿರುವ ಗಿಯರಿಗೆ ಓಟವಿಲ್ಲ. ನಾನು ಗ್ರಂಥಾಲಯದಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದೆ. ಇತಿಹಾಸದ ಪುಸ್ತಕ ಕೇಳಿದವನಿಗೆ ಅಡುಗೆ ಪುಸ್ತಕ ಕೊಟ್ಟೆ. ಅವನು ಅದನ್ನೇ ತೆಗೆದುಕೊಂಡು ಹೋದ. ಕೊನೆಗೆ ನಡುವಿನ ಅಳತೆಯ ಒಂದು ಗಿಯರ್ ತರಿಸಿ, ಮತ್ತೊಂದು ಬಸ್ ಟಿಕೆಟ್ಟು ಇಟ್ಟು ಕೂರಿಸಿದೆವು. ಸಾಧಾರಣ ಓಟ, ಸಾಧಾರಣ ಎಳೆತ. ನಮ್ಮಂಥವರ ಬಾಳಿಗೆ ತಕ್ಕದ್ದು.

ಸಂಕ್ರಾಂತಿಯ ದಿನ ನಾನು, ಭಾಗ್ಯ, ಅಫ್ಸರ್ ಮೂವರೂ ಬಸ್ಸು ಹತ್ತಿದೆವು. ಲಾರಿ ನನ್ನ ತೊಡೆಯ ಮೇಲೆ. ಕಂಡಕ್ಟರ್ ಅದನ್ನು ನೋಡಿ, "ಏನ್ ಸಾ, ಲಾರಿನೇ ಬಸ್ಸಲ್ ಕುಂತ್ಕಂಡ್ ಬತ್ತಾ ಅದಲ್ಲಾ! ಅದಕ್ಕೂ ಒಂದ್ ಟಿಕೆಟ್ ತಗಳಿ" ಎಂದ. ತೆಳು ಕಾಗದ ನೋಡಿ ಆಸೆಯಾಗಿ ನಿಜವಾಗಿಯೂ ತೆಗೆದುಕೊಂಡೆ.

ಊರಿನಲ್ಲಿ ದೊಡ್ಡವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಎಳ್ಳುಬೆಲ್ಲ ಬಾಯಿಗೆ ಹಾಕಿದ ಕೈಯಲ್ಲೇ ಲಾರಿಯನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ಮೈಸವರಿದಳು. ಈಗ ಆ ಮನೆಯಲ್ಲಿ ಇರುವುದು ಎರಡು ಸೀಮೆಹಸು. ಅವು ಕಿಚ್ಚು ಹಾಯುವುದಿಲ್ಲ; ಹತ್ತಿರ ಹೋಗಿ, ಮೂಸಿ, ಹಿಂದಕ್ಕೆ ಬರುತ್ತವೆ. ಆದ್ದರಿಂದ ಆ ವರ್ಷ ಮನೆಯ ಮರ್ಯಾದೆಯೆಲ್ಲ ನನ್ನ ಲಾರಿಯ ಮೇಲೇ ಇತ್ತು. ದೊಡ್ಡವ್ವ ಅದಕ್ಕೆ ಅರಿಶಿನ ಬಳಿದು, ಚೆಂಡುಹೂವಿನ ಹಾರ ಹಾಕಿ, ನೆತ್ತಿಗೆ ಬಲೂನು ಕಟ್ಟಿದಳು. ಮೂತಿಗೆ ಒಂದು ನಿಂಬೆಹಣ್ಣನ್ನೂ ಕಟ್ಟಿದಳು, ಬೇಕೆಂದೇ.

ಹೊತ್ತು ಮುಳುಗುವ ವೇಳೆಗೆ ಊರ ಮುಂದೆ ಜನವೋ ಜನ. ಹುಲ್ಲು ಹರಡಿ ಬೆಂಕಿ ಕೊಟ್ಟರು. ಒಂದೊಂದೇ ಜೋಡಿ ಎತ್ತು ಗುಟುರು ಹಾಕುತ್ತಾ ಹಾರಿ ಹೋದವು. ನಮ್ಮ ಸರದಿಗೆ ಮತ್ತೆ ಹುಲ್ಲು ಹಾಕಿದರು. ಒಬ್ಬ ಸಿಳ್ಳೆ ಹೊಡೆದ. ದೊಡ್ಡವ್ವನ ಮಗ ನಂಜಣ್ಣ ಕೇಳಿದ: "ಅಗ್ಗ ಎಲ್ಲೋ ಪುಟ್ಸಾಮಿ?"

"ಹಗ್ಗ ಇಲ್ಲ ಕಣಣ್ಣ. ರಿಮೋಟು."

ನಿಜ ಹೇಳುತ್ತೇನೆ, ಆ ಲಾರಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಹಗ್ಗವಿಲ್ಲ! ಬೆಂಕಿಗೆ ಹೋಗುವುದು ಅದು, ಈಚೆ ತಣ್ಣಗೆ ನಿಲ್ಲುವುದು ನಾನು. ಪುಕ್ಕಲರಿಗೆಂದೇ ಮಾಡಿದ ಎತ್ತು. ಜೇಬಿನಲ್ಲಿದ್ದ ಆ ಬೋಳು ಗಿಯರನ್ನು ಒಮ್ಮೆ ಮುಟ್ಟಿಕೊಂಡು ಹೆಬ್ಬೆರಳು ಒತ್ತಿದೆ.

ಲಾರಿ ಹೊರಟಿತು. ಬಲೂನು ಕುಣಿಸುತ್ತಾ, ನಿಂಬೆಹಣ್ಣು ತೂಗಾಡಿಸುತ್ತಾ, ಮಲ್ಲನ ಗತ್ತಿನಲ್ಲೇ ಕಿಚ್ಚಿನ ಕಡೆ ಓಡಿತು. ಅಷ್ಟರಲ್ಲಿ ಗಾಳಿ ತಿರುಗಿ ಹೊಗೆಯೆಲ್ಲ ನಮ್ಮ ಮೇಲೆ ಬಂತು. ಲಾರಿ ಕಾಣಲಿಲ್ಲ. ಒಳಗೆ ಹೋಯಿತೋ, ಸಿಕ್ಕಿಹಾಕಿಕೊಂಡಿತೋ, ದಾಟಿತೋ? ನನ್ನ ಉಕ್ಕಿನ ಗಿಯರು, ನನ್ನ ಹೊಸ ಮೋಟರು, ಬಸ್ ಟಿಕೆಟ್ಟಿಟ್ಟು ಕೂರಿಸಿದ ನನ್ನ ಕೈಕೆಲಸ! "ನಿಲ್ಬೇಡ, ನಿಲ್ಬೇಡ, ಹೋಗು!" ಎಂದು ಕೂಗುತ್ತಾ ಹೆಬ್ಬೆರಳನ್ನು ಪೂರ್ತಿ ಒತ್ತಿ ಹಿಡಿದು ನೋಡಲು ಎರಡು ಹೆಜ್ಜೆ ಮುಂದೆ ಇಟ್ಟೆ. ಆಮೇಲೆ ಇನ್ನೆರಡು. ಆಮೇಲೆ ಓಡಿದೆ. ಮುಖಕ್ಕೆ ಝಳ ಹೊಡೆಯಿತು, ಕಾಲಿನ ಕೆಳಗೆ ಏನೋ ಕೆಂಪಗೆ ಸರಿಯಿತು, ಜನ "ಆಯ್ದ! ಆಯ್ದ!" ಎಂದು ಕೇಕೆ ಹಾಕಿದರು. ದಾಟಿಯೇಬಿಟ್ಟಿತಲ್ಲ ನನ್ನ ಲಾರಿ ಎಂದು ರಿಮೋಟು ಮೇಲೆತ್ತಿ ನಾನೂ ಕುಣಿದೆ.

ಕುಣಿಯುತ್ತಾ ಸುತ್ತ ನೋಡಿದರೆ ಲಾರಿ ಇಲ್ಲ. ತಿರುಗಿ ನೋಡಿದೆ. ಹೊಗೆ ತಿಳಿಯಾಯಿತು. ಕಿಚ್ಚಿನ ಆ ಬದಿಯಲ್ಲಿ, ಬೆಂಕಿಗೆ ಇನ್ನೂ ಮಾರು ದೂರವಿರುವಾಗಲೇ, ನನ್ನ ಲಾರಿ ಬಲೂನು ಹೊತ್ತುಕೊಂಡು ನಿಂತಿತ್ತು. ಅದರ ಪಕ್ಕದಲ್ಲಿ ದೊಡ್ಡವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಬೆಂಕಿಯ ಈಚೆ ಬದಿಯಲ್ಲಿ ಇದ್ದದ್ದು ನಾನು. ಪ್ಯಾಂಟಿನ ಅಂಚು ಕರಕಲಾಗಿತ್ತು.

ಆದದ್ದಿಷ್ಟೆ. ಚೆಲ್ಲಿದ್ದ ಹುಲ್ಲು ಚಕ್ರದ ಅಚ್ಚಿಗೆ ಸುತ್ತಿಕೊಂಡಿತ್ತು. ಹೊಸ ಮೋಟರು ಬಲಶಾಲಿ ನೋಡಿ, ಹುಲ್ಲನ್ನು ಹಗ್ಗದ ಹಾಗೆ ಹೊಸೆದು ಹೊಸೆದು ಬಿಗಿದು ತನ್ನನ್ನು ತಾನೇ ಕಟ್ಟಿಹಾಕಿಕೊಂಡಿತ್ತು. ಗಿಯರಿನ ಒಂದು ಹಲ್ಲೂ ಅಲುಗಿರಲಿಲ್ಲ. ಇದನ್ನೆಲ್ಲ ಅಫ್ಸರ್ ಫೋನಿನಲ್ಲಿ ಹಿಡಿದಿದ್ದಾನೆ. ಅದರಲ್ಲಿ ಲಾರಿ ಕಾಣುವುದೇ ಇಲ್ಲ. ನರೆತ ತಲೆಯ ಗ್ರಂಥಪಾಲಕನೊಬ್ಬ ರಿಮೋಟು ಹಿಡಿದು "ನಿಲ್ಬೇಡ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಬೆಂಕಿ ಹಾರುವುದು ಮಾತ್ರ ಕಾಣುತ್ತದೆ.

ದೊಡ್ಡವ್ವ ಬಳಸಿಕೊಂಡು ಬಂದಳು. ಬೈಯುತ್ತಾಳೆಂದುಕೊಂಡೆ. ಸೆರಗಿನ ಗಂಟು ಬಿಚ್ಚಿ, ಕಪ್ಪಗಾದ ಒಂದು ಹಳೆಯ ಬಟ್ಟೆಯ ಚೂರು ತೆಗೆದಳು. ಒಳಗೆ ಒಂದೇ ಒಂದು ಹಿತ್ತಾಳೆ ಗೆಜ್ಜೆ.

"ಸೋತೆ ದೊಡ್ಡವ್ವ. ಲಾರಿ ದಾಟ್ಲಿಲ್ಲ."

"ಲಾರಿಗ್ಯಾಕ್ಲಾ ಕೊಡ್ಲಿ? ಇದು ನಿಂದು. ಮಲ್ಲ ಸತ್ತಾಗ ಪಟ್ಟಿ ಬಿಚ್ಚಿ, ಇದೊಂದ್ನ ಬ್ಯಾರೆ ಕಟ್ಟಿ ಮಡಗಿದ್ರು ನಿಮ್ ದೊಡ್ಡಯ್ಯ. 'ಪುಟ್ಸಾಮಿ ಯಾವತ್ತಾರ ಆಯ್ದೇ ಆಯ್ತಾನೆ, ಅವತ್ ಕೊಡು' ಅಂದಿದ್ರು ಕಣ್ ಮಗ."

ಊರೆಲ್ಲ ನನ್ನನ್ನು ಪುಕ್ಕಲ ಎಂದು ತೀರ್ಮಾನಿಸಿದ್ದಾಗ ಒಬ್ಬರು ಮಾತ್ರ ಸಹಿ ಹಾಕಿರಲಿಲ್ಲ. ಅದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ಹೊತ್ತು ನಗುತ್ತಿದ್ದವನು ನಗುತ್ತಲೇ ಅತ್ತುಬಿಟ್ಟೆ. ಉಡಿದಾರ ಎಲ್ಲಿಂದ ತರಲಿ, ಪ್ಯಾಂಟಿನ ಬೆಲ್ಟಿನ ಕುಣಿಕೆಗೇ ಗೆಜ್ಜೆ ಕಟ್ಟಿದಳು. ಆಮೇಲೆ ಲಾರಿಯ ಕಡೆ ತಿರುಗಿ, "ಬರೋ ವರ್ಸ ನೀನು. ಎದರ್ಕಬ್ಯಾಡ" ಎಂದಳು.

ಗೆಜ್ಜೆ ಅಂದಿನಿಂದ ಅಲ್ಲೇ ಇದೆ. ಪ್ಯಾಂಟು ಬದಲಾದರೆ ಅದೂ ಬದಲಾಗುತ್ತದೆ. ಮೊನ್ನೆ ನಮ್ಮ ಪ್ರಾಂಶುಪಾಲರು ಗ್ರಂಥಾಲಯಕ್ಕೆ ಬಂದವರು, 'ಮೌನ ಕಾಪಾಡಿ' ಎಂಬ ಬೋರ್ಡಿನ ಕೆಳಗೆ ನಿಂತು, ಕಪಾಟುಗಳ ನಡುವಿನಿಂದ ಬರುತ್ತಿದ್ದ ಸದ್ದಿಗೆ ಕಿವಿಗೊಟ್ಟು, "ಯಾರ್ರೀ ಅದು, ಗೆಜ್ಜೆ ಕಟ್ಕೊಂಡು ಓಡಾಡ್ತಿರೋದು?" ಎಂದರು.

"ನಾನೇ ಸಾರ್" ಎಂದೆ. "ಕಿಚ್ಚು ಹಾಯ್ದಿದ್ದೀನಿ."